ಬೀಗದ ಕೈಗೊಂಚಲಿಗೆ ಬಟ್ಟೆ ಸುತ್ತಿ

ಬಾಲಕರ ವೀಕ್ಷಣಾಲಯಕ್ಕೆ ಮೇಲ್ವಿಚಾರಕರಾಗಿ ಸೇರಿದ್ದೀರಂತೆ. ಸಂತೋಷ. ಆದೇಶ ಪತ್ರದ ಜೊತೆ ಯಾರೂ ಲಗತ್ತಿಸದ ನಾಲ್ಕು ಮಾತು ನನ್ನ ಹತ್ತಿರ ಇವೆ, ಕೂತು ಕೇಳಿ. ನಾನು 1989ರಲ್ಲಿ ಗೃಹಮಾತೆಯಾಗಿ ಸೇರಿದವಳು. ಬಾಲಮಂದಿರ, ವೀಕ್ಷಣಾಲಯ ಅಂತ ಮೂರು ಜಿಲ್ಲೆ ಸುತ್ತಿ ಅಧೀಕ್ಷಕಿಯಾಗಿ ನಿವೃತ್ತಳಾದೆ. ಸೇರಿದಾಗ 1986ರ ಬಾಲನ್ಯಾಯ ಕಾಯ್ದೆ ಇತ್ತು, ನಡುವೆ 2000ದ ಕಾಯ್ದೆ ಬಂತು, ಹೊರಡುವ ಹೊತ್ತಿಗೆ 2015ರದ್ದು. ಊರಿನವರು ಮಾತ್ರ ಇವತ್ತಿಗೂ ‘ರಿಮ್ಯಾಂಡ್ ಹೋಂ’ ಅಂತಲೇ ಕರೆಯುತ್ತಾರೆ. ನೀವು ಹಾಗೆ ಕರೆಯಬೇಡಿ. ಆಟೋದವನಿಗೆ ದಾರಿ ಹೇಳುವಾಗಲೂ ಬೇಡ. ಪಕ್ಕದಲ್ಲಿ ಕೂತ ಹುಡುಗ ಕೇಳಿಸಿಕೊಳ್ಳುತ್ತಾನೆ.

ನಿಮ್ಮ ಮನಸ್ಸು ಒಳ್ಳೆಯದೇ ಇರುತ್ತದೆ, ನನಗೆ ಗೊತ್ತು. ಆದರೆ ನೂರೆಂಟು ಕೆಲಸದ ನಡುವೆ ಮರೆತುಹೋಗುತ್ತದೆ. ಅಲ್ಲಿಗೆ ಬರುವ ಹುಡುಗರಿಗೆ ಅರ್ಧ ಕಷ್ಟ ದೊಡ್ಡವರ ಮರೆವಿನಿಂದಲೇ ಬಂದಿರುತ್ತದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

• ಬೀಗದ ಕೈಗೊಂಚಲಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ, ಜೇಬಿನಲ್ಲಿಟ್ಟುಕೊಳ್ಳಿ. ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ ನಡೆಯಬೇಡಿ. ಠಾಣೆ ನೋಡಿ ಬಂದ ಹುಡುಗನಿಗೆ ಆ ಝಣಝಣ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು ಉಪಯೋಗವೂ ಇದೆ. ರಾತ್ರಿ ಸುತ್ತು ಹಾಕುವಾಗ ನೀವು ಬರುವುದು ದೂರದಿಂದಲೇ ತಿಳಿಯುವುದಿಲ್ಲ. ಯಾರು ನಿದ್ದೆ ಮಾಡಿಲ್ಲ, ಯಾರು ಮುಸುಕಿನೊಳಗೆ ಅಳುತ್ತಿದ್ದಾನೆ ಎಂದು ಗೊತ್ತಾಗುತ್ತದೆ.

• ಹೊಸ ಹುಡುಗ ಬಂದ ಕೂಡಲೇ ರಿಜಿಸ್ಟರ್ ತೆರೆಯಬೇಡಿ. ಮೊದಲು ನೀರು, ಆಮೇಲೆ ಊಟ, ಆಮೇಲೆ ಹೆಸರು. ಹಿಡಿದ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು ಅಂತ ಕಾನೂನು. ಆ ಓಡಾಟದಲ್ಲಿ ಅವನು ಹೊಟ್ಟೆಗೆ ಏನು ಹಾಕಿಕೊಂಡ ಅಂತ ಎಷ್ಟೋ ಸಲ ಯಾರೂ ಕೇಳಿರುವುದಿಲ್ಲ. ರಾತ್ರಿ ತಡವಾಗಿ ಬರುವವರಿಗೆ ಅಂತ ಅಡುಗೆಮನೆಯಲ್ಲಿ ದಿನಾ ಒಂದು ತಟ್ಟೆ ಅನ್ನ ಮುಚ್ಚಿಡಿಸಿ. ಯಾರೂ ಬರದಿದ್ದರೆ ಬೆಳಿಗ್ಗೆ ಒಗ್ಗರಣೆ ಹಾಕಿದರಾಯಿತು.

• “ಏನು ಮಾಡಿ ಬಂದೆ?” ಅಂತ ಕೇಳಬೇಡಿ. ಅದನ್ನು ಕೇಳುವುದಕ್ಕೆ ಮಂಡಳಿ ಇದೆ. “ಮನೆಯಲ್ಲಿ ಮುದ್ದೆಯೋ ರೊಟ್ಟಿಯೋ?” ಅಂತ ಕೇಳಿ. ಯಾವ ಕಡೆಯವನು, ಅಡುಗೆ ಯಾರು ಮಾಡುತ್ತಿದ್ದರು, ಈಗ ಯಾರೂ ಇಲ್ಲವೋ, ಎಲ್ಲ ಆ ಉತ್ತರದ ಹಿಂದೆಯೇ ಬರುತ್ತದೆ.

• ಅವನು ತಂದ ಸಾಮಾನನ್ನು ಅವನ ಎದುರಿಗೇ ಬರೆದು ಸಹಿ ಹಾಕಿಸಿ. ಚಿಲ್ಲರೆ, ಬೆಲ್ಟು, ಸೊಂಟದ ದಾರ, ತಾಯಿತ, ಸಿಮ್, ಒಂದೂ ಬಿಡಬೇಡಿ. ಬಟ್ಟೆ ನೆನೆಹಾಕುವ ಮೊದಲು ಪ್ರತಿ ಜೇಬಿಗೂ ಕೈ ಹಾಕಿ ನೋಡಿ.

ಇದನ್ನು ನಾನು ಕಲಿತ ಬಗೆ ಹೇಳುತ್ತೇನೆ. ಸೇರಿದ ಎರಡನೇ ವರ್ಷ. ಹದಿಮೂರರ ಹುಡುಗ, ಮೈಮೇಲೆಲ್ಲ ರೈಲಿನ ಕೊಳೆ. ಸ್ನಾನಕ್ಕೆ ಕಳಿಸಿ, ಅವನ ಅಂಗಿಯನ್ನು ನಾನೇ ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿದೆ. ಸಂಜೆ ಹಿಂಡುವಾಗ ಜೇಬಿನೊಳಗಿಂದ ಮೆತ್ತಗಿನದೇನೋ ಬೆರಳಿಗೆ ಅಂಟಿತು. ಚಿಕ್ಕ ಅಳತೆಯ ಒಂದು ಫೋಟೋ. ಸೆರಗಿನ ಅಂಚು, ಒಂದು ಕಿವಿಯ ಓಲೆ ಉಳಿದಿತ್ತು. ಮುಖ ಕರಗಿ ಹೋಗಿತ್ತು. ತೀರಿಹೋದ ಅವನ ತಾಯಿ. ಬೇರೆ ಫೋಟೋ ಇರಲಿಲ್ಲ. ಅವನು ಅಳಲಿಲ್ಲ, ಕೂಗಾಡಲಿಲ್ಲ. ಅಂಗಿ ಇಸಿದುಕೊಂಡು ಒದ್ದೆಯದನ್ನೇ ತೊಟ್ಟುಕೊಂಡ. ಆಮೇಲೆ ನಾಲ್ಕು ತಿಂಗಳು ನನ್ನ ಕೈಯಿಂದ ಅನ್ನ ಬಡಿಸಿಕೊಳ್ಳಲಿಲ್ಲ. ನಾನು ಸೌಟು ಹಿಡಿದ ಸಾಲು ಬಿಟ್ಟು ತಟ್ಟೆ ತೆಗೆದುಕೊಂಡು ಆ ಕಡೆ ಸಾಲಿಗೆ ಹೋಗುತ್ತಿದ್ದ. ಜೇಬು ನೋಡುವುದು ಅರ್ಧ ನಿಮಿಷದ ಕೆಲಸ. ದಯವಿಟ್ಟು ನೋಡಿ.

• “ನೋಡೋಣ”, “ಮಾಡೋಣ”, “ನಾಳೆ ಬಾ” — ಈ ಮೂರು ಮಾತನ್ನು ಗೇಟಿನ ಹೊರಗೇ ಬಿಟ್ಟು ಬನ್ನಿ. ಆಗುತ್ತದೆ ಅಂದರೆ ಯಾವತ್ತು ಆಗುತ್ತದೆ ಹೇಳಿ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅನ್ನಿ, ಕಾರಣವನ್ನೂ ಹೇಳಿ. ಒಂದು ಚಿಕ್ಕ ಡೈರಿ ಜೇಬಿನಲ್ಲಿಟ್ಟುಕೊಂಡು ಯಾರಿಗೆ ಏನು ಹೇಳಿದಿರಿ ಬರೆದುಕೊಳ್ಳಿ: ‘ಚಪ್ಪಲಿ ಉಂಗುಷ್ಟ ಕಿತ್ತಿದೆ, ಶನಿವಾರ’, ‘ಅಜ್ಜಿಗೆ ಫೋನು, ಸಂಜೆ’. ನಿಮಗೆ ಅದು ಹತ್ತರಲ್ಲಿ ಒಂದು ಕೆಲಸ. ಅವನಿಗೆ ಆ ವಾರವೆಲ್ಲ ಅದೊಂದೇ ಕೆಲಸ. ಶನಿವಾರ ಚಪ್ಪಲಿ ಸಿಗದಿದ್ದರೆ ಭಾನುವಾರ ಕಿಟಕಿಯ ಗಾಜು ಒಡೆಯುತ್ತದೆ. ಗಾಜಿಗೆ ಎಷ್ಟು, ಚಪ್ಪಲಿಗೆ ಎಷ್ಟು, ನೀವೇ ಲೆಕ್ಕ ಹಾಕಿ.

• ಗಂಟೆ ಹೊಡೆಯುವ ಹೊತ್ತಿಗೇ ಗಂಟೆ ಹೊಡೆಸಿ. ಎಂಟೂವರೆಗೆ ತಿಂಡಿ ಅಂದರೆ ಎಂಟೂವರೆ. ಅಡುಗೆಯವರು ರಜೆ ಹಾಕಿದ ದಿನ ಅವಲಕ್ಕಿಯಾದರೂ ಆ ಹೊತ್ತಿಗೆ ತಟ್ಟೆಯಲ್ಲಿರಲಿ. ಮನೆಯಲ್ಲಿ ಊಟ ಯಾವಾಗ ಸಿಗುತ್ತದೆ, ಏಟು ಯಾವಾಗ ಬೀಳುತ್ತದೆ ಗೊತ್ತಿಲ್ಲದೆ ಬೆಳೆದವರು ಅವರು. ನಿನ್ನೆಯ ಹಾಗೇ ಇವತ್ತೂ ಇದ್ದರೆ ಮೂರನೇ ವಾರಕ್ಕೆ ಹುಡುಗ ಮೈಚಳಿ ಬಿಡುತ್ತಾನೆ. ಇದು ನಾನು ಕಣ್ಣಾರೆ ಕಂಡದ್ದು, ಒಂದಲ್ಲ, ನೂರಾರು ಸಲ.

• ಅಕ್ಕಿ ಅಳೆಯುವಾಗ ಕೈಬಿಗಿ ಮಾಡಬೇಡಿ. 1986ರ ಕಾಯ್ದೆಯಲ್ಲಿ ಹುಡುಗರಿಗೆ ವಯಸ್ಸಿನ ಮಿತಿ 16 ವರ್ಷ. 2000ದ ಕಾಯ್ದೆ ಅದನ್ನು 18ಕ್ಕೆ ಏರಿಸಿತು. ಮೀಸೆ ಚಿಗುರಿದ ಹುಡುಗರು ಬರತೊಡಗಿದರು. ನಾವು ಮಾತ್ರ ಹಳೆಯ ಪಾವಿನಲ್ಲೇ ಅಳೆಯುತ್ತಿದ್ದೆವು. ಊಟದ ಹೊತ್ತಿಗೆ ದಿನಾ ಜಗಳ. ಶಿಸ್ತು ಹಾಳಾಯಿತು ಅಂತ ನಾವು ಮೀಟಿಂಗ್ ಮೇಲೆ ಮೀಟಿಂಗ್ ಮಾಡಿದೆವು. ಕೊನೆಗೆ ಅಡುಗೆಯಾಕೆಯೇ ಹೇಳಿದಳು, “ಹೊಟ್ಟೆ ತುಂಬಿಲ್ಲ ಮೇಡಂ, ಇನ್ನೇನಿಲ್ಲ” ಅಂತ. 2016ರ ಮಾದರಿ ನಿಯಮದ ಪಟ್ಟಿಯಲ್ಲಿ ದಿನಕ್ಕೆ 600 ಗ್ರಾಂ ಧಾನ್ಯ, 16 ದಾಟಿದವರಿಗೆ 700 ಗ್ರಾಂ. ಆ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಎಣ್ಣೆ ಜಿಡ್ಡು ಹಿಡಿಯದ ಹಾಗೆ ಪ್ಲಾಸ್ಟಿಕ್ ಹೊದಿಸಿ.

• ದಿಂಬಿನ ಕೆಳಗೆ ಚಪಾತಿ, ಮುಷ್ಟಿಯಷ್ಟು ಬೆಲ್ಲ ಸಿಕ್ಕರೆ ಕಳ್ಳತನ ಅಂತ ಬರೆಯಬೇಡಿ. ನಾಳೆ ಸಿಗುತ್ತದೋ ಇಲ್ಲವೋ ಅಂತ ಬಚ್ಚಿಟ್ಟಿದ್ದಾನೆ. ಇರುವೆ ಬರುತ್ತದೆ ಅಂತ ಹೇಳಿ ಮುಚ್ಚಳದ ಒಂದು ಡಬ್ಬಿ ಕೊಡಿ, “ಇದರಲ್ಲಿಟ್ಟುಕೋ” ಅನ್ನಿ. ಒಂದು ತಿಂಗಳಲ್ಲಿ ಡಬ್ಬಿಯಲ್ಲಿ ಗೋಲಿ ತುಂಬಿರುತ್ತದೆ.

• ಊಟ ಕಡಿತವನ್ನು ಯಾವತ್ತೂ ಶಿಕ್ಷೆ ಮಾಡಬೇಡಿ. ಮನೆಯವರ ಫೋನು ತಪ್ಪಿಸುವುದನ್ನೂ. ಊಟ, ಫೋನು ಎರಡೂ ನಿಮ್ಮ ದಾನವಲ್ಲ, ಅವನ ಹಕ್ಕು.

• ಸಂಜೆ ಆರರಿಂದ ಎಂಟರವರೆಗೆ ಆಫೀಸಿನಲ್ಲಿ ಕೂರಬೇಡಿ. ಫೈಲು ಬೆಳಿಗ್ಗೆ ನೋಡಿ. ದೀಪ ಹಚ್ಚುವ ಹೊತ್ತಿಗೆ ಎಲ್ಲರಿಗೂ ಮನೆ ನೆನಪಾಗುತ್ತದೆ. ನೆನಪಾದದ್ದನ್ನು ಹೇಳಲು ಬರದವನು ಪಕ್ಕದವನ ಕಾಲು ತುಳಿಯುತ್ತಾನೆ. ಆ ಹೊತ್ತಿಗೆ ಕೈಗೆ ಕೆಲಸ ಕೊಡಿ. ಅವರೆಕಾಯಿ ಸುಲಿಸಿ, ಕಡಲೆಕಾಯಿ ಬಿಡಿಸಿ, ಕೇರಂ ಬೋರ್ಡ್ ಹಾಕಿ. ನೀವೂ ಜೊತೆಗೆ ಚಾಪೆಯ ಮೇಲೆ ಕೂತು ಸುಲಿಯಿರಿ. ಕೌನ್ಸೆಲಿಂಗ್ ಕೋಣೆಯಲ್ಲಿ ಬಾಯಿ ಬಿಡದವನು ಅವರೆಕಾಯಿ ಸುಲಿಯುತ್ತ ಮನೆ ಕಥೆಯನ್ನೆಲ್ಲ ಹೇಳುತ್ತಾನೆ, ಯಾಕೆಂದರೆ ಕಣ್ಣು ಕಾಯಿಯ ಮೇಲಿರುತ್ತದೆ, ನಿಮ್ಮ ಮುಖ ನೋಡುವ ಕಷ್ಟ ಇಲ್ಲ. ಆಪ್ತ ಸಮಾಲೋಚಕರಿಗೂ ಇದನ್ನು ಹೇಳಿ, ಸಂಜೆ ಒಮ್ಮೊಮ್ಮೆ ಬಂದು ಕೂರಲಿ.

• ಜಗಳ ಬಿದ್ದಾಗ ಹೊಡೆದಾಡುವವರನ್ನು ಮೊದಲು ಎಳೆಯಬೇಡಿ. ಸುತ್ತ ನಿಂತು ನೋಡುವವರನ್ನು ಕಳಿಸಿ. ನೋಡುವವರಿಲ್ಲದೆ ಅರ್ಧ ಜಗಳ ತಾನೇ ಆರುತ್ತದೆ. ನಿಮ್ಮ ದನಿ ತಗ್ಗಿಸಿ. ನೀವು ಕೂಗಿದರೆ ಅವರು ಇನ್ನೂ ಜೋರಾಗಿ ಕೂಗುತ್ತಾರೆ, ಕೊನೆಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹೆಸರು ಹಿಡಿದು ಕರೆಯಿರಿ, ಒಂದೇ ಮಾತು ಹೇಳಿ: “ರವೀ, ಇಲ್ಲಿ ಬಾ.” ಬೆನ್ನ ಹಿಂದಿನಿಂದ ಮಾತ್ರ ಮೈ ಮುಟ್ಟಬೇಡಿ, ಬೆಚ್ಚಿದವನ ಮೊಣಕೈ ನಿಮ್ಮ ಮೂಗಿಗೇ ಬೀಳುತ್ತದೆ. ತಪ್ಪು ಯಾರದು ಅಂತ ಅದೇ ಹೊತ್ತಿಗೆ ತೀರ್ಮಾನ ಮಾಡಬೇಡಿ. ಒಬ್ಬೊಬ್ಬರಿಗೆ ನೀರು ಕೊಟ್ಟು ಬೇರೆ ಬೇರೆ ಕೂರಿಸಿ, ಮಾರನೇ ದಿನ ತಿಂಡಿಯಾದ ಮೇಲೆ ಕೇಳಿ. ಹೊಟ್ಟೆ ತುಂಬಿದ ಮೇಲೆ ನಿಜ ಹೇಳುವುದು ಸುಲಭ.

• ಹುಡುಗರ ಮೇಲೆ ಕೈ ಎತ್ತಬೇಡಿ. ನಿಮ್ಮ ಕೈಕೆಳಗಿನ ರಕ್ಷಕರೂ ಎತ್ತದ ಹಾಗೆ ನೋಡಿಕೊಳ್ಳಿ. “ಒಂದೇ ಒಂದು ಏಟು ಮೇಡಂ, ಬುದ್ಧಿ ಬರಲಿ ಅಂತ” ಎಂದು ಬಂದು ಹೇಳುವವರು ಇರುತ್ತಾರೆ. ಏಟಿನಿಂದ ಬುದ್ಧಿ ಬರುವಂತಿದ್ದರೆ ಆ ಹುಡುಗರು ನಿಮ್ಮ ಹತ್ತಿರ ಬರುತ್ತಲೇ ಇರಲಿಲ್ಲ, ಮನೆಯಲ್ಲೇ ಬೇಕಾದಷ್ಟು ತಿಂದಿರುತ್ತಾರೆ. ಕಾನೂನೂ ಗಟ್ಟಿಯಾಗಿದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 82ರ ಪ್ರಕಾರ ಸಂಸ್ಥೆಯಲ್ಲಿ ದೈಹಿಕ ಶಿಕ್ಷೆ ಕೊಟ್ಟವರಿಗೆ ಮೊದಲ ಸಲ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಕೆಲಸವೂ ಹೋಗಬಹುದು. ಕ್ರೌರ್ಯ ಅಂತ ಸೆಕ್ಷನ್ 75ರಡಿ ಸಾಬೀತಾದರೆ, ಮಕ್ಕಳನ್ನು ನೋಡಿಕೊಳ್ಳಬೇಕಾದ ಸಿಬ್ಬಂದಿಗೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ಇದನ್ನು ಹೊಸ ರಕ್ಷಕರು ಸೇರಿದ ದಿನವೇ, ಕಾಫಿ ಕೊಟ್ಟು, ನಿಧಾನವಾಗಿ ಓದಿ ಹೇಳಿ. ಏಟು ಬಿದ್ದ ಮೇಲೆ ಓದಿ ಹೇಳಿದರೆ ಏನು ಬಂತು?

• ಸಿಟ್ಟು ಬಂದರೆ ನೀವೇ ಐದು ನಿಮಿಷ ಹೊರಗೆ ಹೋಗಿ. “ನನಗೆ ಸಿಟ್ಟು ಬಂದಿದೆ, ಆಮೇಲೆ ಮಾತಾಡೋಣ” ಅಂತ ಹೇಳಿಯೇ ಹೋಗಿ. ದೊಡ್ಡವರು ಸಿಟ್ಟನ್ನು ಹೀಗೂ ಇಟ್ಟುಕೊಳ್ಳಬಹುದು ಅಂತ ಅವರು ನೋಡಿಯೇ ಇರುವುದಿಲ್ಲ. ಹೋಗುವಾಗ ಅಲ್ಲಿ ಇನ್ನೊಬ್ಬರು ಸಿಬ್ಬಂದಿ ಇದ್ದಾರಾ ಅಂತ ನೋಡಿಕೊಂಡು ಹೋಗಿ.

• ದಿನಚರಿ ಪುಸ್ತಕದಲ್ಲಿ ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನು ಬೇಡ. ‘ಈ ಹುಡುಗ ಒರಟ, ಅವಿಧೇಯ’ ಅಂತ ಬರೆದರೆ ಅದು ಅವನ ಫೈಲಿನ ಜೊತೆ ಊರೂರು ಸುತ್ತುತ್ತದೆ. ‘ಸಂಜೆ 7.10ಕ್ಕೆ ತಟ್ಟೆ ಎಸೆದ; ಅದಕ್ಕೆ ಮೊದಲು ಫೋನಿನಲ್ಲಿ ಮಾವನ ಜೊತೆ ಮಾತಾಡಿದ್ದ’ ಅಂತ ಬರೆದರೆ ಪರಿವೀಕ್ಷಣಾಧಿಕಾರಿಗೆ ಎಲ್ಲಿಂದ ಹುಡುಕಬೇಕು ಅಂತ ತಿಳಿಯುತ್ತದೆ. ಒಳ್ಳೆಯದನ್ನೂ ಬರೆಯಿರಿ. ಚಿಕ್ಕವನಿಗೆ ಹೊದಿಕೆ ಹೊದಿಸಿದ, ತೊಟ್ಟಿಯ ನಲ್ಲಿ ರಿಪೇರಿ ಮಾಡಿದ — ಅದನ್ನು ನೀವು ಬರೆಯದಿದ್ದರೆ ಮಂಡಳಿಗೆ ಹೇಳುವವರು ಯಾರೂ ಇಲ್ಲ.

• ಪಾಳಿ ಬದಲಾಗುವಾಗ ಹತ್ತು ನಿಮಿಷ ನಿಂತು ಮಾತಾಡಿ. ಬಸ್ಸಿಗೆ ಹೊತ್ತಾಯಿತು ಅಂತ ಓಡಬೇಡಿ. ಯಾರಿಗೆ ಜ್ವರ, ಯಾರು ಉಣ್ಣಲಿಲ್ಲ, ಯಾರಿಗೆ ನಾಳೆ ‘ಡೇಟ್’, ಇಷ್ಟು ಬಾಯಲ್ಲಿ ಹೇಳಿ, ಪುಸ್ತಕದಲ್ಲೂ ಬರೆಯಿರಿ. ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ನಡೆದದ್ದು ಒಬ್ಬರು ಹೋಗಿ ಇನ್ನೊಬ್ಬರು ಬರುವ ಆ ಅರ್ಧ ಗಂಟೆಯಲ್ಲೇ.

• ಆ ‘ಡೇಟ್’ ವಿಷಯ. ಮಂಡಳಿಯಲ್ಲಿ ಮುಂದಿನ ದಿನಾಂಕ ಯಾವುದು ಅಂತ ಹುಡುಗರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ದೊಡ್ಡ ಅಂಕಿಯ ಒಂದು ಕ್ಯಾಲೆಂಡರ್ ಹಜಾರದಲ್ಲಿ ತೂಗುಹಾಕಿ, ಅವರ ಕೈಯಲ್ಲೇ ಸುತ್ತು ಹಾಕಿಸಿ. ಹೆಸರು ಬೇಡ, ಅವರಿಗೆ ಮಾತ್ರ ಗೊತ್ತಾಗುವ ಗುರುತು ಸಾಕು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು ಅಂತ ಕಾಯ್ದೆಯಲ್ಲಿದೆ. ಮೀರುತ್ತಿದ್ದರೆ ಸುಮ್ಮನೆ ಕೂರಬೇಡಿ, ಕಾನೂನು ನೆರವಿನ ವಕೀಲರಿಗೆ ಫೋನು ಮಾಡಿ ನೆನಪಿಸಿ. ಅವರೂ ಮರೆಯುತ್ತಾರೆ, ಪಾಪ.

• ಅಡುಗೆಮನೆಯ ಚಾಕು, ಈಳಿಗೆಮಣೆ, ತೋಟದ ಕುಡುಗೋಲು, ಕತ್ತರಿ, ಎಲ್ಲಕ್ಕೂ ಹಲಗೆಯ ಮೇಲೆ ಅದರದೇ ಆಕಾರ ಬರೆದು ಮೊಳೆ ಹೊಡೆಸಿ. ಸಂಜೆ ಕಣ್ಣು ಹಾಯಿಸಿದರೆ ಸಾಕು, ಯಾವುದು ಕಮ್ಮಿ ಅಂತ ಖಾಲಿ ಆಕಾರವೇ ಹೇಳುತ್ತದೆ. ಎಣಿಸುವ ತಾಪತ್ರಯ ಇಲ್ಲ. ಫಿನೈಲು, ಬ್ಲೀಚಿಂಗ್ ಪುಡಿ, ಮಾತ್ರೆ, ಇವೆಲ್ಲ ಬೀಗದೊಳಗೆ. ಮಾತ್ರೆಯನ್ನು ನಿಮ್ಮ ಎದುರಿಗೇ ನುಂಗಿಸಿ. ನಾಲಿಗೆಯ ಕೆಳಗೆ ಇಟ್ಟುಕೊಂಡು ಕೂಡಿಡುವವರಿರುತ್ತಾರೆ.

• “ಸಾಯ್ತೀನಿ” ಅಂತ ಒಬ್ಬ ಹೇಳಿದರೆ ‘ನಾಟಕ’ ಅನ್ನಬೇಡಿ. ಹತ್ತರಲ್ಲಿ ಒಂಬತ್ತು ಸಲ ಬರೀ ಮಾತಾಗಿರಬಹುದು. ಹತ್ತನೆಯದು ಯಾವುದು ಅಂತ ನನಗೂ ಮೂವತ್ತು ವರ್ಷದಲ್ಲಿ ತಿಳಿಯಲಿಲ್ಲ. ಒಂಟಿಯಾಗಿ ಬಿಡಬೇಡಿ, ಹತ್ತಿರ ಕೂರಿ, ಅದೇ ದಿನ ಡಾಕ್ಟರಿಗೆ ತೋರಿಸಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನಸ್ಸಿನ ಡಾಕ್ಟರುಗಳಿದ್ದಾರೆ. ದೂರ ಅಂತ ಮುಂದೂಡಬೇಡಿ.

• ಪಂಕ್ಚರ್ ಸಲ್ಯೂಷನ್, ವೈಟ್ನರ್, ಗಾಂಜಾ ಚಟ ಇದ್ದು ಬಂದವನು ಮೊದಲ ವಾರ ಮೈ ಪರಚಿಕೊಳ್ಳುತ್ತಾನೆ, ನಿದ್ದೆ ಮಾಡುವುದಿಲ್ಲ, ಬೈಯುತ್ತಾನೆ. ಅದು ಕೊಬ್ಬು ಅಂತ ತಿಳಿಯಬೇಡಿ, ದೇಹ ಕೇಳುತ್ತಿದೆ. ಡಾಕ್ಟರನ್ನು ಕರೆಸಿ. ನಿಂಬೆ ಪಾನಕ, ಮಜ್ಜಿಗೆ ಮೇಲಿಂದ ಮೇಲೆ ಕೊಡುತ್ತಿರಿ, ಬಾಯಿಗೆ ಏನಾದರೂ ಕೆಲಸ ಇರಲಿ. ಸಿಬ್ಬಂದಿ ಗುಟ್ಕಾ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಒಳಗೆ ಬರಬಾರದು. ಬಚ್ಚಿಟ್ಟರೂ ವಾಸನೆ ಹಿಡಿಯುತ್ತಾರೆ.

• ತುರಿಕಜ್ಜಿ ಒಬ್ಬನಿಗೆ ಬಂದರೆ ಆ ಹಜಾರದ ಎಲ್ಲರಿಗೂ ಒಂದೇ ರಾತ್ರಿ ಮುಲಾಮು ಹಚ್ಚಿಸಿ, ಕುತ್ತಿಗೆಯಿಂದ ಕಾಲ್ಬೆರಳ ಸಂದಿಯವರೆಗೆ. ತುರಿಸದವರಿಗೂ ಹಚ್ಚಿ. ಮುಲಾಮು ದುಬಾರಿ ಅಂತ ಒಬ್ಬೊಬ್ಬರಿಗೇ ಹಚ್ಚಿದರೆ ಆರು ತಿಂಗಳು ಅದು ಸುತ್ತುತ್ತಲೇ ಇರುತ್ತದೆ, ಖರ್ಚು ಮೂರು ಪಟ್ಟು. ಡಾಕ್ಟರು ಹೇಳಿದರೆ ವಾರದ ನಂತರ ಇನ್ನೊಂದು ಸಲ. ಹಾಸಿಗೆ ಬಟ್ಟೆ ಬಿಸಿನೀರಿಗೆ ಹಾಕಿ ಬಿಸಿಲಿಗೆ ಹರಡಿ. ಒಗೆಯಲಾಗದ ಸ್ವೆಟರು, ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ದಿನ ಬಿಗಿಯಾಗಿ ಕಟ್ಟಿಡಿ. ತುರಿಕೆಯಿಂದ ನಿದ್ದೆ ಇಲ್ಲದ ಹುಡುಗನಿಗೆ ಎಷ್ಟು ಬುದ್ಧಿ ಹೇಳಿದರೂ ಹತ್ತುವುದಿಲ್ಲ.

• ಹೇನು ಅಂತ ತಲೆ ಬೋಳಿಸಬೇಡಿ. ಕ್ಷೌರದವರನ್ನು ಕರೆಸಿದಾಗ “ಹೆಂಗೆ ಬೇಕು?” ಅಂತ ಹುಡುಗರನ್ನೇ ಕೇಳಲು ಹೇಳಿ. ತನ್ನದು ಅಂತ ಅವನಿಗೆ ಉಳಿದಿರುವುದು ಆ ಕ್ರಾಪು ಒಂದೇ.

• ಭೇಟಿ ದಿನ ಗೇಟಿನ ಹತ್ತಿರ ಸುಳಿದಾಡುವವನ ಮೇಲೆ ಕಣ್ಣಿಡಿ. ಬರುತ್ತೇನೆ ಅಂದ ತಾಯಿ ಎಷ್ಟೋ ಸಲ ಬರುವುದಿಲ್ಲ. ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರಬೇಕು ಆಕೆ. ಮಧ್ಯಾಹ್ನ ದಾಟಿದರೆ ನೀವೇ ಹೋಗಿ, “ಬಸ್ಸು ತಪ್ಪಿರಬೇಕು, ಫೋನು ಮಾಡೋಣ ಬಾ” ಅನ್ನಿ. ಎಲ್ಲರ ಎದುರು ಸಮಾಧಾನ ಹೇಳಬೇಡಿ, ಮಾನ ಹೋಗುತ್ತದೆ ಅವನಿಗೆ. ಆ ರಾತ್ರಿ ಅವನ ಮಂಚದ ಹತ್ತಿರ ಒಂದು ಸುತ್ತು ಹೆಚ್ಚು ಹಾಕಿ. ಬಂದ ತಾಯಂದಿರನ್ನು ಕುರ್ಚಿ ಹಾಕಿ ಕೂರಿಸಿ, ನೀರು ಕೊಡಿ, “ಬನ್ನಿ ಅಮ್ಮ” ಅನ್ನಿ. ಎಲ್ಲ ಕಡೆ ಬೈಸಿಕೊಂಡು ಬಂದಿರುತ್ತಾರೆ. ಮಗನ ಮುಂದೆ ನೀವೂ ಬೈದರೆ ಮುಂದಿನ ವಾರ ಅವರು ಬರುವುದಿಲ್ಲ, ನಷ್ಟ ಹುಡುಗನಿಗೆ.

• ಲಂಬಾಣಿ, ಉರ್ದು, ಹಿಂದಿ, ತೆಲುಗು, ಹುಡುಗನ ಮನೆಮಾತಿನಲ್ಲಿ ಹತ್ತು ಮಾತು ಕಲಿಯಿರಿ. ಊಟ ಆಯಿತಾ, ನೋವಾ, ಚಳಿಯಾ, ಹೆದರಬೇಡ. ತಪ್ಪಾಗಿ ಆಡಿದರೆ ನಕ್ಕು ತಿದ್ದುತ್ತಾನೆ, ಅಲ್ಲಿಗೆ ಮಾತು ಶುರು.

• ಹುಟ್ಟುಹಬ್ಬಕ್ಕೆ ಸಿಹಿ ಹಂಚಲು ಬರುವ ದಾನಿಗಳಿಗೆ ಫೋನನ್ನು ಆಫೀಸಿನಲ್ಲಿ ಇಟ್ಟು ಒಳಗೆ ಬನ್ನಿ ಅಂತ ಬಾಗಿಲಲ್ಲೇ ಹೇಳಿ. ಒಳ್ಳೆಯ ಜನವೇ, ಆದರೆ ಫೋಟೋ ತೆಗೆದು ಎಲ್ಲ ಕಡೆ ಹಾಕುತ್ತಾರೆ. ಮಗುವಿನ ಗುರುತು ಹೊರಗೆ ಹಾಕುವುದು ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ಲಾಡು ಪೊಟ್ಟಣ ಹಿಡಿದ ಮುಖ ಹತ್ತು ವರ್ಷವಾದ ಮೇಲೂ ಎಲ್ಲೋ ಇರುತ್ತದೆ, ಅವನು ಹೆಣ್ಣು ನೋಡಲು ಹೋದಾಗ ಯಾರೋ ತೋರಿಸುತ್ತಾರೆ.

• ಯಾವ ಹುಡುಗನ ಜೊತೆಯೂ ಬಾಗಿಲು ಹಾಕಿಕೊಂಡು ಮಾತಾಡಬೇಡಿ. ಬಾಗಿಲು ತೆರೆದಿರಲಿ, ದನಿ ತಗ್ಗಿರಲಿ. ಇದು ಅವನಿಗೂ ಕಾವಲು, ನಿಮಗೂ ಕಾವಲು. ರಾತ್ರಿ ದೊಡ್ಡವರನ್ನೂ ಚಿಕ್ಕವರನ್ನೂ ಒಂದೇ ಕಡೆ ಮಲಗಿಸಬೇಡಿ, ಹಾಸಿಗೆ ಕಮ್ಮಿ ಅಂತ ನೆಪ ಹೇಳಬೇಡಿ. ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡುವವನು, ಸ್ನಾನದ ಮನೆಗೆ ಹೋಗಲು ಅಂಜುವವನು ಕಂಡರೆ ಗದರಿಸದೆ ಕೇಳಿ.

ಮೈ ಮುಟ್ಟಿದ ಸಂಗತಿ ಕಿವಿಗೆ ಬಿದ್ದರೆ ಒಳಗೊಳಗೇ ರಾಜಿ ಮಾಡಿಸಬೇಡಿ. ಸಂಸ್ಥೆಯ ಹೆಸರು ಹಾಳಾಗುತ್ತದೆ ಅಂತ ಮೇಲಿನವರು ಹೇಳಿದರೂ ಕೇಳಬೇಡಿ. 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಲ್ಲಿ ಗೊತ್ತಾದವರು ವರದಿ ಮಾಡಲೇಬೇಕು ಅಂತಿದೆ. ಮಾಡದಿದ್ದರೆ ಅದೇ ಅಪರಾಧ. ಒಂದು ಕಡೆ ನಾನು ಇಂಥದ್ದನ್ನು ಬರೆದಿಟ್ಟಾಗ ಆ ಹಾಳೆ ಹರಿದುಹಾಕಿ ಎಂದರು. ನಾನು ಹರಿಯಲಿಲ್ಲ. ಎರಡು ತಿಂಗಳಲ್ಲಿ ವರ್ಗವಾಯಿತು, ಆಗಲಿ. ಆ ಚಿಕ್ಕ ಹುಡುಗ ಬೇರೆ ಕೋಣೆಯಲ್ಲಿ ನಿದ್ದೆ ಮಾಡಿದ, ನನಗೆ ಅಷ್ಟು ಸಾಕಾಯಿತು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಹುಡುಗರ ಕಣ್ಣಿಗೆ ಬೀಳುವ ಕಡೆ ದೊಡ್ಡದಾಗಿ ಬರೆಸಿ. ನಿಮ್ಮ ಮೇಲೆಯೇ ದೂರು ಹೋದರೂ ಹೋಗಲಿ.

• ಓಡಿಹೋದವನು ಸಿಕ್ಕಿ ವಾಪಸ್ ಬಂದಾಗ ಮೊದಲ ಮಾತು “ಊಟ ಆಯ್ತಾ?” ಅಂತಿರಲಿ. ಓಡಿಹೋದದ್ದಕ್ಕಾಗಿ ಅವನ ಮೇಲೆ ಬೇರೆ ಪ್ರಕರಣ ಹಾಕುವಂತಿಲ್ಲ ಅಂತ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 26ರಲ್ಲೇ ಇದೆ. ಹೇಗೆ ಹೋದೆ ಅಂತ ಕೇಳುವ ಮೊದಲು ಯಾಕೆ ಹೋದೆ ಅಂತ ಕೇಳಿ. ಗೋಡೆ ಎತ್ತರಿಸಲು ಲಕ್ಷ ರೂಪಾಯಿಯ ಅಂದಾಜು ಪಟ್ಟಿ ಕಳಿಸುತ್ತೀರಿ. ವಿಚಾರಿಸಿದರೆ ಅಜ್ಜಿಗೆ ಕಾಯಿಲೆ, ಫೋನು ಮಾಡಿಸಿ ಅಂತ ನಾಲ್ಕು ಸಲ ಕೇಳಿದ್ದ, ನಾಲ್ಕು ಸಲವೂ “ನಾಳೆ” ಅಂದಿದ್ದರು.

• ಆಧಾರ್, ಜಾತಿ ಪ್ರಮಾಣಪತ್ರ, ಶಾಲೆಯ ಟಿ.ಸಿ., ಬ್ಯಾಂಕ್ ಪಾಸ್‌ಬುಕ್ಕನ್ನು ಬಂದ ತಿಂಗಳಲ್ಲೇ ವಿಚಾರಿಸಿ. 15 ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು ಮತ್ತೊಮ್ಮೆ ಕೊಡಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟುವವರ ಅರ್ಜಿಯ ಕೊನೆಯ ದಿನ ಗೋಡೆಯ ಮೇಲೆ ಬರೆದಿಡಿ. ಒಂದು ದಿನ ತಪ್ಪಿದರೆ ಹುಡುಗನಿಗೆ ಒಂದು ವರ್ಷ ಹೋಯಿತು. 18 ತುಂಬಿ ಹೊರಗೆ ಹೋಗುವವರಿಗೆ 21ರವರೆಗೆ ನಂತರದ ಪಾಲನೆಯ ನೆರವು ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆರು ತಿಂಗಳ ಮೊದಲೇ ಅರ್ಜಿ ಹಾಕಿಸಿ. “ನನ್ನ ಮೇಲೆ ಕೇಸಿದೆ, ಯಾರು ಕೆಲಸ ಕೊಡ್ತಾರೆ?” ಅಂತ ಕೊರಗುವವನಿಗೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24 ಓದಿ ಹೇಳಿ. ದೊಡ್ಡವರಂತೆ ವಿಚಾರಣೆಗೆ ಒಳಗಾದ ಕೆಲವರನ್ನು ಬಿಟ್ಟರೆ, ಇಲ್ಲಿಯ ದಾಖಲೆ ಅವನ ಮುಂದಿನ ದಾರಿಗೆ ಅಡ್ಡ ಬರಬಾರದು ಅಂತ ಕಾನೂನೇ ಹೇಳುತ್ತದೆ.

• ಹಬ್ಬದ ದಿನ ನೀವು ಬರಬೇಕು. ಯುಗಾದಿಗೆ ಬೇವುಬೆಲ್ಲ ನಿಮ್ಮ ಕೈಯಿಂದಲೇ ಸಿಗಲಿ. ರಂಜಾನ್ ಉಪವಾಸ ಹಿಡಿದವನನ್ನು ನಸುಕಿಗೆ ಮೊದಲೇ ಎಬ್ಬಿಸಿ ಬಿಸಿ ಊಟ ಕೊಡಿಸಿ.

• ನಿಮ್ಮ ಊಟದ ಡಬ್ಬಿ ತನ್ನಿ, ಹೊತ್ತಿಗೆ ಸರಿಯಾಗಿ ಉಣ್ಣಿ. ವಾರದ ರಜೆ ಬಿಡಬೇಡಿ. ಹಸಿದ ಮೇಲ್ವಿಚಾರಕರು, ನಿದ್ದೆಗೆಟ್ಟ ಮೇಲ್ವಿಚಾರಕರು ಸುಮ್ಮಸುಮ್ಮನೆ ರೇಗುತ್ತಾರೆ. ಹುಡುಗರಿಗೆ ಸಾಲ ಕೊಡಬೇಡಿ, ಒಬ್ಬನಿಗೆ ಮಾತ್ರ ಬಿಸ್ಕತ್ತು ತರಬೇಡಿ. ಉಳಿದ ಇಪ್ಪತ್ತು ಕಣ್ಣು ನೋಡುತ್ತಿರುತ್ತವೆ. ಮನೆಗೆ ಹೋದ ಮೇಲೆ ಅಲ್ಲಿಯ ಕಥೆ ಮಕ್ಕಳ ಮುಂದೆ ಹೇಳಬೇಡಿ. ಹೇಳದೆ ತಡೆಯಲಾಗದಿದ್ದರೆ ಜೊತೆ ಕೆಲಸದವರ ಹತ್ತಿರ ಹೇಳಿಕೊಂಡು ಅತ್ತುಬಿಡಿ. ನಾನೂ ಸಾಮಾನಿನ ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಎಷ್ಟೋ ಸಲ ಅತ್ತಿದ್ದೇನೆ.

• ಬಿಡುಗಡೆಯಾಗಿ ಹೊರಡುವವನ ಕೈಗೆ ಪ್ಲಾಸ್ಟಿಕ್ ಕವರ್ ಕೊಟ್ಟು ಕಳಿಸಬೇಡಿ, ಒಂದು ಚೀಲ ಕೊಡಿ. ಹಿಂದಿನ ದಿನವೇ ಸಾಮಾನಿನ ರಿಜಿಸ್ಟರ್ ತೆಗೆದು, ಬರುವಾಗ ಬರೆದುಕೊಂಡ ತಾಯಿತ, ದಾರ, ಚಿಲ್ಲರೆ ಎಲ್ಲವನ್ನೂ ಅವನೆದುರು ಎಣಿಸಿ ಕೊಡಿ. ಬಂದಾಗ ತೊಟ್ಟಿದ್ದ ಅಂಗಿ ಈಗ ಮೈಗೆ ಹಿಡಿಯುವುದಿಲ್ಲ, ಬೆಳೆದಿರುತ್ತಾನೆ. ಸರಿಯಾದ ಅಳತೆಯದನ್ನು ಮೊದಲೇ ತೆಗೆದಿಡಿ. ದಾರಿಗೆ ಚಿತ್ರಾನ್ನ ಕಟ್ಟಿಸಿ. ಬಸ್ಸಿನಲ್ಲಿ ವಾಂತಿ ಬರುತ್ತದೆಯೇ ಅಂತ ಕೇಳಿ, ಬರುವುದಾದರೆ ಒಂದು ನಿಂಬೆಹಣ್ಣು ಕೊಡಿ. ಬೆಳಗಿನ ಗಡಿಬಿಡಿಯಲ್ಲಿ ಮರೆಯುತ್ತೀರಿ, ರಾತ್ರಿಯೇ ಚೀಲದ ಪಕ್ಕದ ಜೇಬಿಗೆ ಹಾಕಿಡಿ.